ಬತ್ತೆ ಎಂದು ಹೋದವನು

ಹೆದರಿಕೆಯಲ್ಲೂ ಮರ್ಯಾದಸ್ಥ ಹೆದರಿಕೆ, ಮರ್ಯಾದೆಗೆಟ್ಟ ಹೆದರಿಕೆ ಎಂದು ಎರಡು ಬಗೆಯಿದೆ. ಹಾವಿಗೆ ಹೆದರುವುದು, ಶಾಲೆಯ ತನಿಖೆಗೆ ಬರುವ ಅಧಿಕಾರಿಗೆ ಹೆದರುವುದು, ಘಾಟಿಯ ತಿರುವಿನಲ್ಲಿ ಎದುರು ಬರುವ ಲಾರಿಗೆ ಹೆದರುವುದು, ಇವೆಲ್ಲ ಮರ್ಯಾದಸ್ಥ ಹೆದರಿಕೆಗಳು. ನಾಲ್ಕು ಜನರ ನಡುವೆ ಹೇಳಿಕೊಂಡರೆ “ನಮಗೂ ಹಾಗೇ ಮಾರಾಯ್ರೆ” ಎಂದು ಪಕ್ಕದವರು ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ. ನನ್ನದು ಎರಡನೆಯ ಬಗೆಯದು. ನಾನು ನರಸಿಂಹರಾಜಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ದೆವ್ವವಿಲ್ಲ, ಭೂತವಿಲ್ಲ, ಬೆಕ್ಕು ಅಡ್ಡ ಹೋದರೆ ಅದು ಇಲಿಯ ಹಿಂದೆ ಹೋಗಿರುತ್ತದೆಯೇ ಹೊರತು ನಿಮ್ಮ ಪರೀಕ್ಷೆ ಕೆಡಿಸಲು ಅಲ್ಲ ಎಂದು ಮಕ್ಕಳಿಗೆ ಗಂಟಲು ಹರಿಯುವಂತೆ ಹೇಳುವವಳು. ಅಂಥ ನನಗೆ ಟಿ.ವಿ.ಯೊಳಗಿನ ಒಬ್ಬ ಅನ್ಯಗ್ರಹದವನನ್ನು ಕಂಡರೆ ಜೀವ ಹೋಗುವಷ್ಟು ಹೆದರಿಕೆ. ಕಂಡರೆ ಎಂದೆನಲ್ಲ, ಅದೂ ಸರಿಯಲ್ಲ. ಅವನನ್ನು ಕಂಡು ಎಷ್ಟೋ ವರ್ಷಗಳಾಗಿದ್ದವು. ನೆನೆಸಿಕೊಂಡರೇ ಸಾಕಾಗಿತ್ತು.

ಅವನ ಹೆಸರು ಝೋರಕ್. ನಾನು ಹುಡುಗಿಯಾಗಿದ್ದಾಗ ಭಾನುವಾರ ಬೆಳಿಗ್ಗೆ ಹಿಂದಿಯಲ್ಲಿ ಬರುತ್ತಿದ್ದ ‘ನಕ್ಷತ್ರ್ ಚೌಕಿ’ ಎಂಬ ಧಾರಾವಾಹಿಯ ಖಳನಾಯಕ. ಆಕಾಶದಲ್ಲಿ ತೇಲುವ ಒಂದು ಕಾವಲು ಠಾಣೆ, ಅದರಲ್ಲಿ ಭೂಮಿಯನ್ನು ಕಾಯುವ ಒಂದಷ್ಟು ಜನ, ಅವರ ಮೇಲೆ ದಾಳಿ ಮಾಡಲು ವಾರವಾರವೂ ಬರುವ ಝೋರಕ್. ಇಷ್ಟೇ ಕಥೆ. ಇದಿಷ್ಟೂ ನಮಗೆ ತಿಳಿದದ್ದು ಬಹಳ ತಡವಾಗಿ. ಆಗ ಕೊಪ್ಪದಲ್ಲಿ ಹಿಂದಿ ಬಲ್ಲವರೇ ಕಡಿಮೆ. ಪೇಟೆಯಲ್ಲಿ ನನ್ನ ದೊಡ್ಡಪ್ಪನ ಜವಳಿ ಅಂಗಡಿಯಿತ್ತು. ಅಂಗಡಿಯ ಮೇಲಿನ ಮನೆಗೆ ಟಿ.ವಿ. ಬಂದದ್ದೇ, ನಮ್ಮ ಬೀದಿಯ ಮಕ್ಕಳೆಲ್ಲ ಭಾನುವಾರ ಅಲ್ಲಿ ಜಮಾಯಿಸುತ್ತಿದ್ದೆವು. ದೊಡ್ಡಪ್ಪ ಮಾಡಿನ ಮೇಲೆ ಆಂಟೆನಾ ತಿರುಗಿಸುತ್ತ “ಬಂತನಾ?” ಎಂದು ಕೂಗುವುದು, ನಾವು ಕೆಳಗಿನಿಂದ “ಬಂತು, ಬಂತು, ಹೋಯ್ತು!” ಎಂದು ಬೊಬ್ಬೆ ಹೊಡೆಯುವುದು, ಇದರಲ್ಲೇ ಅರ್ಧ ಧಾರಾವಾಹಿ ಮುಗಿಯುತ್ತಿತ್ತು. ದೊಡ್ಡಪ್ಪ ಒಂದು ದಿನವೂ ಆ ಧಾರಾವಾಹಿಯನ್ನು ನೋಡಲಿಲ್ಲ. ಅವರು ಇಳಿದು ಬಂದರೆ ಚಿತ್ರವೂ ಇಳಿದು ಹೋಗುತ್ತಿತ್ತು.

ಇಷ್ಟೆಲ್ಲ ಮಾಡಿದರೂ ಸುತ್ತ ಗುಡ್ಡಗಳಿರುವ ನಮ್ಮ ಊರಿಗೆ ಚಿತ್ರ ಶುದ್ಧವಾಗಿ ಬಂದದ್ದೇ ಇಲ್ಲ. ಪರದೆಯ ತುಂಬ ಬಿಳಿ ಚುಕ್ಕಿಗಳು ಸುರಿಯುತ್ತಿದ್ದವು, ಹಿಂದಿನಿಂದ ಸೋ ಎಂಬ ಸದ್ದು. ಬೇರೆ ಊರಿನವರಾಗಿದ್ದರೆ ಸಿಗ್ನಲ್ ಸರಿಯಿಲ್ಲ ಎಂದುಕೊಳ್ಳುತ್ತಿದ್ದರೇನೋ. ನಾವು ಕೊಪ್ಪದವರು, ನಮಗೆ ಅನುಮಾನವೇ ಬರಲಿಲ್ಲ. ಝೋರಕನ ಗ್ರಹದಲ್ಲಿ ಸದಾ ಮಳೆ ಎಂದು ನಿಶ್ಚಯ ಮಾಡಿಕೊಂಡೆವು. ಅವನ ತಲೆಯಿಂದ ಬೆನ್ನಿನವರೆಗೆ ಇಳಿದಿದ್ದ ಕವಚವನ್ನು ನೋಡಿ ದೊಡ್ಡಮ್ಮ, “ಪಾಪ, ಗೊರಬು ಹಾಕ್ಕಂಡೇ ಯುದ್ಧಕ್ಕೆ ಬರ್ತ” ಎಂದು ಮರುಗಿದ್ದರು. ಗದ್ದೆ ನೆಟ್ಟಿಗೆ ಹೋಗುವವರು ಮಳೆಗೆ ಹೊದೆಯುವ ಎಲೆಯ ಗೊರಬು ದೊಡ್ಡಮ್ಮನಿಗೆ ಗೊತ್ತಿತ್ತು, ಲೋಹದ ಕವಚ ಗೊತ್ತಿರಲಿಲ್ಲ. ಸಾಲದ್ದಕ್ಕೆ ಧಾರಾವಾಹಿಯ ಹೆಸರಿನಲ್ಲೇ ‘ಚೌಕಿ’ ಇತ್ತು. ಹಿಂದಿಯಲ್ಲಿ ಅದು ಠಾಣೆ. ನಮ್ಮ ಕಡೆ ಚೌಕಿ ಎಂದರೆ ಯಕ್ಷಗಾನದವರು ವೇಷ ಕಟ್ಟಿಕೊಳ್ಳುವ ಜಾಗ. ಹಾಗಾಗಿ ದೊಡ್ಡಮ್ಮನ ಲೆಕ್ಕದಲ್ಲಿ ಇವರೆಲ್ಲ ಚೌಕಿಯಿಂದ ಹೊರಟ ವೇಷಗಳು, ಝೋರಕ್ ಅದರಲ್ಲಿ ರಾಕ್ಷಸನ ವೇಷ. ಹೆಸರು ಬಾಯಿಗೆ ತಿರುಗದೆ ಅವನನ್ನು ಜೋರಣ್ಣ ಎಂದು ಕರೆದರು. “ಇವತ್ತು ಜೋರಣ್ಣನ ಕುಣಿತ ಸಪ್ಪೆ” ಎಂದು ಒಮ್ಮೊಮ್ಮೆ ಅಸಮಾಧಾನವನ್ನೂ ಸೂಚಿಸುತ್ತಿದ್ದರು.

ನನಗೆ ಮಾತ್ರ ಅವನು ಎಂದೂ ಸಪ್ಪೆಯಾಗಿ ಕಾಣಲಿಲ್ಲ. ಅವನು ಬರುವ ಮುನ್ನ ಗುಂಯ್ ಎಂಬ ಸದ್ದೊಂದು ಶುರುವಾಗುತ್ತಿತ್ತು. ಕೇಳಿದ ಕೂಡಲೇ ನಾನು ದೊಡ್ಡಮ್ಮನ ಸೆರಗಿನೊಳಗೆ ತಲೆ ತೂರಿಸಿ, ನೇಯ್ಗೆಯ ಸಂದಿನಿಂದ ನೋಡುತ್ತಿದ್ದೆ. ನೋಡದೇ ಇರಲೂ ಆಗುತ್ತಿರಲಿಲ್ಲ. ಪರದೆಯ ಮಳೆಯ ನಡುವೆ ಅವನ ಒಂಟಿ ಕಣ್ಣು ಹೊಳೆಯುತ್ತಿತ್ತು. ಸೋತು ಹಿಂದಕ್ಕೆ ಹೋಗುವಾಗ ಮೂರು ಬೆರಳಿನ ಕೈ ಎತ್ತಿ, ತನ್ನ ಲೋಕದ ಭಾಷೆಯಲ್ಲಿ ಒಂದೇ ಒಂದು ಮಾತು ಹೇಳುತ್ತಿದ್ದ. ಆ ಮಾತೇ ನನ್ನ ಇಷ್ಟೂ ಪಾಡಿಗೆ ಕಾರಣ. ಅವನು ಹೇಳುತ್ತಿದ್ದದ್ದು, “ಬತ್ತೆ.”

ನಮ್ಮ ಮನೆಮಾತಿನಲ್ಲಿ ‘ಬತ್ತೆ’ ಎಂದರೆ ಬರುತ್ತೇನೆ. ಹೊರಡುವಾಗ ಹೇಳುವ ಮಾತು. ‘ಹೋಗುತ್ತೇನೆ’ ಎಂದು ಹೊಸ್ತಿಲ ಬಳಿ ನಿಂತು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಹಾಗೆ ಹೇಳಿ ಹೊರಡುವುದು ಒಂದೇ ಸಲ, ಅದೂ ಆಗ ಹೇಳಲು ಬಾಯಿ ಇರುವುದಿಲ್ಲ ಎಂದು ದೊಡ್ಡಮ್ಮ ನಮ್ಮನ್ನು ಗದರಿಸುತ್ತಿದ್ದರು. ಪೇಟೆಗೆ ಹೋಗುವವರೂ ಬತ್ತೆ, ಪಕ್ಕದ ಮನೆಗೆ ಹೆಪ್ಪು ಕೇಳಲು ಹೋಗುವವರೂ ಬತ್ತೆ. ಹೇಳಿಸಿಕೊಂಡವರು “ಹ್ಞೂ, ಬಾ” ಎನ್ನಬೇಕು. ಅನ್ನದೇ ಇದ್ದರೆ ಹೊರಟವರು ಮೆಟ್ಟಿಲ ಮೇಲೆ ನಿಂತೇ ಇರುತ್ತಾರೆ, ಇನ್ನೊಂದು ಸುತ್ತು ಮಾತು ಶುರುವಾಗುತ್ತದೆ. ಧಾರಾವಾಹಿಯ ಕೊನೆಯ ಭಾನುವಾರ ಝೋರಕ್ ಪೂರ್ತಿ ಸೋತು, ತನ್ನ ವಿಮಾನದ ಬಾಗಿಲಲ್ಲಿ ನಿಂತು, ನೇರವಾಗಿ ನಮ್ಮ ಕಡೆಗೇ ತಿರುಗಿ, ಕೈ ಎತ್ತಿ “ಬತ್ತೆ” ಎಂದ. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ದೊಡ್ಡಮ್ಮ ತಲೆ ಎತ್ತದೆ, “ಹ್ಞೂ, ಬಾ” ಎಂದುಬಿಟ್ಟರು.

ನಾನು ಸೆರಗಿನಿಂದ ಹೊರಬಂದು ಅತ್ತ ಅಳು ಕೆಳಗಿನ ಅಂಗಡಿಯಲ್ಲಿ ಸೀರೆ ಆರಿಸುತ್ತಿದ್ದವರಿಗೂ ಕೇಳಿಸಿತಂತೆ. “ಎಂತಕ್ಕೆ ಕರೆದೆ ದೊಡ್ಡಮ್ಮ? ಅವನನ್ನು ಎಂತಕ್ಕೆ ಕರೆದೆ?” ಎಂದು ನಾನು. “ಬಾಯಿಗೆ ಬಂತು, ಹೇಳ್ದೆ ಕೂಸೆ. ಹೊರಟವನಿಗೆ ಬರಬೇಡ ಹೇಳುಲೆ ಆಗ್ತಾ?” ಎಂದು ಅವರು. ನನಗೆ ಸಮಾಧಾನವಾಗಲಿಲ್ಲ. ನಮ್ಮ ಮನೆಯಲ್ಲಿ ಬಾ ಎನ್ನಿಸಿಕೊಂಡು ಹೋದ ನೆಂಟರು ಬರದೇ ಇದ್ದದ್ದು ನಾನು ನೋಡಿಯೇ ಇರಲಿಲ್ಲ. ಮುಂದೆ ಹೈಸ್ಕೂಲಿಗೆ ಬಂದಾಗ ಹಿಂದಿ ಮೇಷ್ಟ್ರನ್ನು, “ಸರ್, ಬತ್ತೆ ಅಂದರೆ ಹಿಂದಿಯಲ್ಲಿ ಎಂತ?” ಎಂದು ಕೇಳಿದೆ. ಅವರು ಯೋಚಿಸಿ, “ಬತ್ತಿ ಅಂದರೆ ದೀಪ” ಎಂದರು. ಅಷ್ಟು ಹೇಳುವಾಗ ಕರೆಂಟು ಹೋಯಿತು. ನಾನು ಮತ್ತೆ ಆ ಮಾತನ್ನು ಯಾರ ಹತ್ತಿರವೂ ಎತ್ತಲಿಲ್ಲ.

ಇಷ್ಟು ಹೆದರಿದವಳು ಆ ಧಾರಾವಾಹಿಯನ್ನು ದ್ವೇಷಿಸಬೇಕಿತ್ತು. ಆಗಿದ್ದು ಉಲ್ಟಾ. ನಾನು ಅದರ ಪರಮ ಭಕ್ತೆಯಾದೆ. ನಕ್ಷತ್ರ, ಗ್ರಹ ಎಂದರೆ ಕಿವಿ ನಿಮಿರಿಸಿ, ಅದೇ ದಾರಿಯಲ್ಲಿ ಬಿ.ಎಸ್ಸಿ., ಬಿ.ಎಡ್. ಮುಗಿಸಿ ಟೀಚರಾದೆ. ಮದುವೆಯಾಗಿ ನರಸಿಂಹರಾಜಪುರಕ್ಕೆ ಬಂದೆ. ಯಜಮಾನರು ಶೃಂಗೇರಿ ಕಡೆಯ ಅಡ್ಡಗದ್ದೆಯವರು, ಇಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಔಷಧಿ ಅಂಗಡಿ ಇಟ್ಟಿದ್ದಾರೆ. ಮಗಳು ಮೇಧಾ ಹುಟ್ಟಿ, ಮಾತು ಕಲಿತು, ಹಟ ಕಲಿತ ಮೇಲೆ ನನಗೆ ಝೋರಕ್ ನೆರವಿಗೆ ಬಂದ. ಅನ್ನ ಬೇಡ ಎಂದರೆ ಝೋರಕ್. ತಲೆಗೆ ಎಣ್ಣೆ ಬೇಡ ಎಂದರೆ ಝೋರಕ್. ಮಗ್ಗಿ ಬಾರದಿದ್ದರೆ ಝೋರಕ್ ತನ್ನ ಮಳೆಯ ಲೋಕದಿಂದ ಗೊರಬು ಹೊದ್ದು ಹೊರಟೇಬಿಟ್ಟ ಎಂದು ಗುಂಯ್ ಸದ್ದು ಮಾಡಿ ತೋರಿಸುತ್ತಿದ್ದೆ. ಮಗಳು ತಟ್ಟೆ ಖಾಲಿ ಮಾಡಿ, ನನ್ನ ಸೆರಗಿನೊಳಗೆ ಬಂದು ಕೂರುತ್ತಿದ್ದಳು. ಆಗ ನನಗಾಗುತ್ತಿದ್ದ ಸುಖವನ್ನು ಹೇಗೆ ಹೇಳಲಿ? ಅವಳ ಎದೆ ಡವಡವ ಹೊಡೆದುಕೊಳ್ಳುವುದು ನನ್ನ ಕೈಗೆ ಗೊತ್ತಾಗುತ್ತಿತ್ತು. ನನ್ನ ಹೆದರಿಕೆಯನ್ನು ತವರಿನ ಒಡವೆಯ ಹಾಗೆ ಅವಳ ಕೊರಳಿಗೆ ಹಾಕಿದ್ದೆ, ಅದು ಅವಳಿಗೆ ಚೆನ್ನಾಗಿ ಒಪ್ಪಿತ್ತು.

ಹೀಗಿರುವಾಗ ಒಂದು ಸಂಜೆ ಒಗ್ಗರಣೆಗೆ ಸಾಸಿವೆ ಹಾಕಿ ನಿಂತಿದ್ದೆ, ಹೊರಗಿನ ಕೋಣೆಯ ಟಿ.ವಿ.ಯಿಂದ ಗುಂಯ್ ಎಂಬ ಸದ್ದು ಬಂತು. ನನ್ನ ಕೈಯ ಸೌಟು ಕೆಳಗೆ ಬಿತ್ತು. ಓಡಿ ಬಂದು ನೋಡಿದರೆ ಯಾವುದೋ ಕನ್ನಡ ಚಾನೆಲ್ಲಿನಲ್ಲಿ ಜಾಹೀರಾತು. ಕತ್ತಲ ಪರದೆಯ ಮೇಲೆ ಒಂಟಿ ಕಣ್ಣು ತೆರೆದುಕೊಂಡಿತು. “ಅವನು ಮತ್ತೆ ಬರುತ್ತಿದ್ದಾನೆ! ಇದೇ ಭಾನುವಾರದಿಂದ, ಕನ್ನಡದಲ್ಲೇ!” ಎಂದು ಒಂದು ಗಡಸು ದನಿ ಹೇಳಿತು. ನನಗೆ ಮೊದಲು ನೆನಪಾದದ್ದು ದೊಡ್ಡಮ್ಮ ಅಕ್ಕಿ ಆರಿಸುತ್ತ ಹೇಳಿದ ಆ ಎರಡು ಮಾತು. ಕರೆದದ್ದಕ್ಕೆ ಬಂದ. ತಡವಾಗಿ ಬಂದ, ಆದರೂ ಬಂದ.

ಆ ವಾರ ಪಟ್ಟಷ್ಟು ಭಯವನ್ನು ನಾನು ಹೆರಿಗೆಯ ಹಿಂದಿನ ವಾರದಲ್ಲೂ ಪಟ್ಟಿರಲಿಲ್ಲ. ಅವನನ್ನು ಮತ್ತೆ ನೋಡಿ ಮಗಳೆದುರು ಕಿರುಚಿಬಿಟ್ಟರೆ ಎಂಬುದು ಒಂದು ಭಯ. ಅದಕ್ಕಿಂತ ದೊಡ್ಡದು, ಕಿರುಚದೇ ಹೋದರೆ ಎಂಬುದು. ಹೊಸಬರು ಅವನನ್ನು ಹಾಳು ಮಾಡಿದ್ದರೆ? ಹಳೆಯ ಧಾರಾವಾಹಿಯ ಒಂದು ಚೂರೂ ಈಗ ಎಲ್ಲೂ ಸಿಗುವುದಿಲ್ಲ, ಇರುವುದು ನನ್ನ ತಲೆಯೊಳಗೆ ಮಾತ್ರ. ಹೊಸ ಮುಖ ನೋಡಿದರೆ ಅದು ಹಳೆಯ ಮುಖದ ಮೇಲೆ ಕೂತು, ಹಳೆಯದು ಮತ್ತೆ ನೆನಪಿಗೇ ಬರದಿದ್ದರೆ? ಮಳೆ, ಗೊರಬು, ದೊಡ್ಡಮ್ಮನ ಸೆರಗಿನ ಸಂದು ಎಲ್ಲ ಒಟ್ಟಿಗೇ ಹೋಗಿಬಿಡುತ್ತವೆ. ಮತ್ತೆ, ಮೇಧಾ ನಕ್ಕುಬಿಟ್ಟರೆ? “ಇಷ್ಟೇನಾ ಅಮ್ಮ ನಿನ್ನ ಝೋರಕ್?” ಎಂದರೆ? ಮನೆಯ ಆಡಳಿತ ಕೆಡುವುದು ಇರಲಿ, ಎಣ್ಣೆಯಿಲ್ಲದ ತಲೆಯಲ್ಲೇ ಬೆಳೆಯಲಿ, ಅವಳು ಮತ್ತೆ ನನ್ನ ಸೆರಗಿನೊಳಗೆ ಬಾರದಿದ್ದರೆ ಎನ್ನುವುದು ನನ್ನ ನಿಜವಾದ ಹೆದರಿಕೆ. ಯಜಮಾನರಿಗೆ ಹೇಳಿಕೊಂಡೆ. ಅವರು ಅಂಗಡಿಯ ಅಭ್ಯಾಸದಲ್ಲಿ, “ಊಟಕ್ಕೆ ಮೊದಲು ಹೆದರಿಕೆಯಾ, ಊಟ ಆದ ಮೇಲಾ?” ಎಂದು ಕೇಳಿದರು. ಆಮೇಲೆ ತಾವೇ, “ಅದೊಂದು ಧಾರಾವಾಹಿ ಮಾರಾಯ್ತಿ. ಬೇಡ ಅಂದ್ರೆ ಬಂದ್ ಮಾಡಿದ್ರಾಯ್ತು” ಎಂದು ಪೇಪರಿನೊಳಗೆ ಹೋದರು.

ಬಂದ್ ಮಾಡುವ ಧೈರ್ಯವಿದ್ದರೆ ನಾನೇಕೆ ಹೆದರುತ್ತಿದ್ದೆ? ಕೊನೆಗೆ ಕೊಪ್ಪಕ್ಕೆ ಫೋನ್ ಮಾಡಿದೆ. “ದೊಡ್ಡಮ್ಮ, ಜೋರಣ್ಣ ವಾಪಸ್ ಬರ್ತಾ ಇದ್ದಾನೆ. ಭಾನುವಾರ ನೀನು ಇಲ್ಲಿಗೆ ಬಾ. ಒಬ್ಬಳೇ ನೋಡುಕೆ ನನ್ನ ಹತ್ರ ಆಗುದಿಲ್ಲ.” ಎಷ್ಟು ವರ್ಷವಾದರೂ ಈ ಹುಡುಗಿ ಬೆಳೆಯಲಿಲ್ಲ ಎಂದು ಬೈಯುತ್ತಾರೆ ಎಂದುಕೊಂಡೆ. ದೊಡ್ಡಮ್ಮ ಗಂಭೀರವಾಗಿ, “ಎಂತ ಅಡುಗೆ ಮಾಡ್ತೆ ಕೂಸೆ? ಅಷ್ಟು ದೂರಂದ ಬಪ್ಪವ” ಎಂದರು. ಅವರು ಹೇಳಿದ್ದು ತಮ್ಮ ಬಗ್ಗೆಯಲ್ಲ, ಜೋರಣ್ಣನ ಬಗ್ಗೆ ಎಂದು ನನಗೆ ಫೋನ್ ಇಟ್ಟ ಮೇಲೆ ಹೊಳೆಯಿತು.

ಭಾನುವಾರ ಸಂಜೆ ನಾಲ್ವರೂ ಟಿ.ವಿ. ಎದುರು ಕೂತೆವು. ದೊಡ್ಡಮ್ಮನಿಗೆ ಕುರ್ಚಿ, ನನಗೆ ಅವರ ಕಾಲಬುಡ, ನನ್ನ ಮಗ್ಗುಲಲ್ಲಿ ಚಕ್ಕುಲಿ ಹಿಡಿದ ಮೇಧಾ, ಹಿಂದೆ ಪೇಪರು ಹಿಡಿದ ಯಜಮಾನರು. ಈಗ ಕೇಬಲ್ಲು, ಆಂಟೆನಾ ತಿರುಗಿಸುವವರು ಬೇಕಿಲ್ಲ. ಚಿತ್ರ ತೊಳೆದಿಟ್ಟ ಹಾಗೆ ಶುಭ್ರ. ಮೊದಲ ಏಟು ಅದೇ. ಝೋರಕನ ಗ್ರಹವನ್ನು ತೋರಿಸಿದರು, ಮಳೆಯೇ ಇಲ್ಲ! ಕಣ್ಣು ಹರಿದಷ್ಟೂ ಕೆಂಪು ಮರಳು. ಒಂದು ಹುಲ್ಲುಕಡ್ಡಿಯೂ ಇಲ್ಲ. “ಅಮ್ಮ, ಮಳೆ ಎಲ್ಲಿ?” ಎಂದಳು ಮೇಧಾ. ದೊಡ್ಡಮ್ಮ ಮುಂದಕ್ಕೆ ಬಾಗಿ ನೋಡಿ, “ಕಾಡೆಲ್ಲ ಕಡಿದ್ದ. ಇನ್ನೆಲ್ಲಿ ಮಳೆ?” ಎಂದು ನನ್ನನ್ನು ಕಾಪಾಡಿದರು.

ಆಮೇಲೆ ಅವನು ಬಂದ. ಗುಂಯ್ ಸದ್ದಾಯಿತು, ನಾನು ಅಭ್ಯಾಸಬಲದಿಂದ ದೊಡ್ಡಮ್ಮನ ಸೆರಗಿಗೆ ಕೈ ಹಾಕಿದೆ. ಬಂದವನಿಗೆ ಗೊರಬಿರಲಿಲ್ಲ. ಬೆಂಗಳೂರಿನ ಯಾವುದೋ ವ್ಯಾಯಾಮಶಾಲೆಯಿಂದ ಸೀದಾ ಬಂದವನ ಹಾಗೆ ಎಣ್ಣೆ ಹಚ್ಚಿದ ತೋಳು, ಬಾಚಿದ ಕೂದಲು, ಫಳಫಳ ಹಲ್ಲು. ಒಂಟಿ ಕಣ್ಣೇನೋ ಇತ್ತು, ಅದಕ್ಕೂ ಹುಬ್ಬು ತೀಡಿದ್ದರು. ಅಷ್ಟಕ್ಕೇ ನಿಲ್ಲಿಸಲಿಲ್ಲ, ಅವನಿಗೊಬ್ಬ ತಾಯಿ ಬೇರೆ. ಅವಳನ್ನು ನೆನೆದು ಆ ಒಂಟಿ ಕಣ್ಣಿನಲ್ಲಿ ಅವನು ಅತ್ತ! ನನ್ನ ಝೋರಕ್, ನನ್ನ ಬಾಲ್ಯವನ್ನೆಲ್ಲ ಗಡಗಡ ನಡುಗಿಸಿದವನು, ಅತ್ತೆಯ ಕಾಟಕ್ಕೆ ಸಿಕ್ಕ ಸೊಸೆಯ ಹಾಗೆ ಗೋಡೆಗೆ ತಲೆ ಕೊಟ್ಟು ಬಿಕ್ಕಿದ. ನಾನು ಕಾದೆ. ಈಗ ಹೆದರಿಕೆಯಾಗುತ್ತದೆ, ಇನ್ನೇನು ಆಗುತ್ತದೆ ಎಂದು ಒಳಗೆಲ್ಲ ತಡಕಾಡಿದೆ. ಆಗಲಿಲ್ಲ. ಮಗ್ಗುಲಲ್ಲಿ ಚಕ್ಕುಲಿ ಕಡಿಯುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಹೆದರಿದ ಮಗು ಚಕ್ಕುಲಿ ಕಡಿಯುವುದಿಲ್ಲ. ನನ್ನ ಕಣ್ಣು ತುಂಬಿ ಬಂತು. ಯಜಮಾನರು ಹಿಂದಿನಿಂದ ಬಗ್ಗಿ ನೋಡಿ, “ಪರವಾಗಿಲ್ಲ, ಸೆಂಟಿಮೆಂಟು ಚೆನ್ನಾಗಿದೆ” ಎಂದರು. ಅವರ ಮೇಲೆ ಆ ಹೊತ್ತು ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಇನ್ನೊಂದೇ ಆಸೆ ಉಳಿದಿತ್ತು. ಕಂತಿನ ಕೊನೆಯಲ್ಲಿ ಝೋರಕ್ ಸೋತು ವಿಮಾನದ ಬಾಗಿಲಿಗೆ ಬಂದ. ನಮ್ಮ ಕಡೆ ತಿರುಗಿದ. ಮೂರು ಬೆರಳಿನ ಕೈ ಎತ್ತಿದ. ನಾನು ಉಸಿರು ಹಿಡಿದೆ, ದೊಡ್ಡಮ್ಮನೂ ಹಿಡಿದರು. ಅವನು ಅಚ್ಚಕನ್ನಡದಲ್ಲಿ, ಒಂದೊಂದೇ ಅಕ್ಷರ ಒತ್ತಿ, “ಭೂಮಿಯ ಮಾನವರೇ, ನಾನು ಹೋಗುತ್ತೇನೆ!” ಎಂದ.

“ಶ್ಶೀ!” ಎಂದು ದೊಡ್ಡಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. “ದೀಪ ಹಚ್ಚುವ ಹೊತ್ತಿಗೆ ಹೊಸ್ತಿಲಲ್ಲಿ ನಿಂತು ಹೇಳುವ ಮಾತಾ ಅದು? ಇವ ಅವನಲ್ಲ ಕೂಸೆ. ಅವ ರಾಕ್ಷಸನೇ ಆದ್ರೂ ಮನೆತನಸ್ಥ. ಒಂದು ದಿನ ಬತ್ತೆ ಹೇಳದ್ದೆ ಹೋದವನಲ್ಲ. ಇವ ಹೋದವ ಹೋದ ಹೇಳಿಯೇ ಲೆಕ್ಕ” ಎಂದು ಟಿ.ವಿ. ಬಂದ್ ಮಾಡಿಸಿ ದೇವರ ಮುಂದೆ ದೀಪ ಹಚ್ಚಲು ಹೋದರು. ಅವರ ಲೆಕ್ಕವೇನೂ ತಪ್ಪಲಿಲ್ಲ, ಅದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಆ ಧಾರಾವಾಹಿ ದೀಪಾವಳಿಯನ್ನೂ ಕಾಣದೆ ನಿಂತುಹೋಯಿತು. ನೋಡುವವರಿಲ್ಲದೆ ನಿಂತಿತು ಎಂದು ಯಜಮಾನರು ಹೇಳುತ್ತಾರೆ. ದೊಡ್ಡಮ್ಮ ಹೇಳುವ ಕಾರಣವೇ ಬೇರೆ.

ಆ ರಾತ್ರಿ ಮೇಧಾ ಅನ್ನ ಬಿಟ್ಟಳು. ಝೋರಕ್ ಬರುತ್ತಾನೆ ಎಂದೆ. “ಬರ್ಲಿ ಅಮ್ಮ, ಪಾಪ, ಅವನಿಗೂ ಬಡಿಸು” ಎಂದಳು. ಮುಗಿಯಿತು ಎಂದುಕೊಂಡೆ. ಹೆದರಿಕೆ ಹೋದ ಜಾಗ ಹಲ್ಲು ಕಿತ್ತ ಜಾಗದ ಹಾಗೆ ಬರಿದಾಗಿತ್ತು, ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಮಾರನೆಯ ದಿನ ಸೋಮವಾರ. ನಾನು ಕಾವಲಿಯ ಮುಂದೆ, ದೊಡ್ಡಮ್ಮ ಸ್ನಾನಕ್ಕೆ ಹೋಗಿದ್ದಾರೆ, ಮಗಳ ಶಾಲೆಯ ಆಟೋ ಹಾರ್ನ್ ಹೊಡೆಯುತ್ತಿದೆ. ಮೇಧಾ ಬೂಟು ಹಾಕಿ, ಚೀಲ ಬೆನ್ನಿಗೇರಿಸಿ, ಹೊಸ್ತಿಲ ಮೇಲೆ ನಿಂತು ನನ್ನ ಕಡೆ ತಿರುಗಿದಳು. ಎರಡು ಬೆರಳು ಮಡಚಿ ಮೂರು ಬೆರಳಿನ ಕೈ ಎತ್ತಿ, ಗಂಟಲನ್ನು ಆದಷ್ಟೂ ಗಡಸು ಮಾಡಿಕೊಂಡು, “ಭೂಮಿಯ ಮಾನವಳೇ, ನಾನು ಹೋಗುತ್ತೇನೆ!” ಎಂದು ಆಟೋದೊಳಗೆ ಹಾರಿಕೊಂಡಳು. ಆಟೋ ಹೊರಟೇ ಹೋಯಿತು.

ನನ್ನ ಎದೆ ಒಮ್ಮೆ ನಿಂತು ಹೊಡೆದುಕೊಂಡಿತು. ಅಷ್ಟು ವರ್ಷಗಳ ಹಿಂದೆ ಸೆರಗಿನೊಳಗೆ ಹೊಡೆದುಕೊಂಡದ್ದಕ್ಕಿಂತ ಜೋರಾಗಿ. ಇದು ಬರೀ ಮಾತು, ಗಾಳಿಯ ಕಂಪನ, ಗಂಟಲಿನಿಂದ ಹೊರಟು ಕಿವಿಗೆ ಬಡಿಯುವ ಅಲೆ ಎಂದು ಒಂಬತ್ತನೇ ತರಗತಿಗೆ ನಾನೇ ಪಾಠ ಮಾಡಿದ್ದೇನೆ. ಕಾಲು ಆ ಪಾಠ ಕೇಳಿರಲಿಲ್ಲ. ದೋಸೆ ಮಗುಚುವ ಸಟ್ಟುಗವನ್ನು ಹಿಡಿದುಕೊಂಡೇ, ಬರಿಗಾಲಲ್ಲಿ, ಬಸ್‌ಸ್ಟ್ಯಾಂಡಿನ ರಸ್ತೆಗೆ ಓಡಿದೆ. “ಆಟೋ! ಓ ಆಟೋದವ್ರೇ! ನಿಲ್ಸಿ ಮಾರಾಯ್ರೆ!” ಔಷಧಿ ಅಂಗಡಿಯ ಬಾಗಿಲು ತೆಗೆಯುತ್ತಿದ್ದ ಯಜಮಾನರು ನನ್ನನ್ನು ನೋಡಿಯೂ ನೋಡದವರ ಹಾಗೆ ಬೀಗದ ಕಡೆ ತಿರುಗಿದರು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ದಾರಿ ಬಿಟ್ಟರು. ತಿರುವಿನಲ್ಲಿ ಆಟೋ ನಿಂತಿತು. ಡ್ರೈವರ್ ಹೆದರಿ, “ಎಂತಾಯ್ತು ಟೀಚರೇ? ಟಿಫನ್ ಬಿಟ್ಟು ಬಂತಾ?” ಎಂದ. ನಾನು ಏದುಸಿರು ಬಿಡುತ್ತ ಮಗಳ ಕಡೆ ಸಟ್ಟುಗ ತೋರಿಸಿ, “ಬತ್ತೆ ಹೇಳು! ಮೊದಲು ಬತ್ತೆ ಹೇಳು!” ಎಂದೆ.

ಮೇಧಾ ನನ್ನ ಮುಖ ನೋಡಿದಳು. ಏನು ಕಂಡಳೋ, ಅವಳ ನಗು ಇಳಿಯಿತು. “ಬತ್ತೆ ಅಮ್ಮ” ಎಂದು ಮೆಲ್ಲಗೆ ಹೇಳಿ ಕೈಚಾಚಿ ನನ್ನ ಸೆರಗು ಹಿಡಿದುಕೊಂಡಳು. “ಬತ್ತೆ, ಖಂಡಿತ ಬತ್ತೆ. ನೀನು ಹೆದರಡ.” ನಾನು “ಹ್ಞೂ, ಬಾ” ಎಂದೆ. ಅಷ್ಟು ಹೇಳಿದ ಮೇಲೆ ನನಗೆ ಉಸಿರು ಸರಿಯಾಯಿತು. ಆಟೋದ ಹಿಂದೆಯೇ ನನ್ನ ಒಂಬತ್ತನೇ ತರಗತಿಯ ಹುಡುಗರು ಸೈಕಲ್ ನಿಲ್ಲಿಸಿಕೊಂಡು ಇಷ್ಟನ್ನೂ ನೋಡುತ್ತಿದ್ದರು ಎನ್ನುವುದು ಆಗಲೇ ಗೊತ್ತಾದದ್ದು.

ಆ ದಿನ ಮೊದಲ ಪೀರಿಯಡ್ಡೇ ಒಂಬತ್ತನೇ ತರಗತಿ. ಏನೂ ಆಗದವಳಂತೆ ಶಬ್ದದ ಅಲೆಗಳನ್ನು ಮತ್ತೊಮ್ಮೆ ವಿವರಿಸಿದೆ. ಯಾರೂ ನಗಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸುವ ಹಾಗಿತ್ತು. ಗಂಟೆ ಹೊಡೆಯಿತು. ಪುಸ್ತಕ ಎತ್ತಿಕೊಂಡು ಬಾಗಿಲಿನವರೆಗೆ ಬಂದಿದ್ದೆ. ಆಟದ ಪೀರಿಯಡ್ಡಿಗೆ ಹಿಂದಿನ ಬಾಗಿಲಿನಿಂದ ಹೊರಟಿದ್ದ ಹುಡುಗರ ಗುಂಪಿನಿಂದ ಯಾರದೋ ದನಿ, ಆಗಷ್ಟೇ ಒಡೆಯುತ್ತಿದ್ದ ಗೊಗ್ಗರು ದನಿ, ನಿಧಾನವಾಗಿ “ಬತ್ತೆ” ಎಂದಿತು.

ತಿರುಗಿ ಗದರಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಬಾಯಿಯೇ “ಹ್ಞೂ, ಬಾ” ಎಂದುಬಿಟ್ಟಿತ್ತು.